ನೂರು ಕುರಿ, ಒಂದು ಸರಾಸರಿ: ಹಿನ್ನೀರ ದಂಡೆಯ ಹಿಂಡೊಂದರ ಜಂತುಲೆಕ್ಕ

ಬಾಗಲಕೋಟೆಯಿಂದ ಬೀಳಗಿ ಕಡೆಗೆ, ಆಲಮಟ್ಟಿ ಹಿನ್ನೀರಿಗೆ ಹೊಂದಿಕೊಂಡ ಬೀಳು ಹೊಲಗಳಲ್ಲಿ ಮೇಯುವ ನೂರು ಕುರಿಯ ಹಿಂಡು ಇದು. ಹೆಚ್ಚಿನವು ದಕ್ಖನಿ ತಳಿ, ನಡುನಡುವೆ ಯಳಗ. ಆಷಾಢದಲ್ಲಿ ಯಜಮಾನ ಅಷ್ಟಕ್ಕೂ ಆಲ್ಬೆಂಡಜೋಲ್ ಎಂಬ ಜಂತುನಾಶಕ ಕುಡಿಸಿದ. ಮಾರನೆಯ ದಿನವೇ ಹಿಂಡನ್ನು ಬೇಸಿಗೆಯಿಡೀ ಕುರಿ ಕಾಲಿಡದಿದ್ದ ಹೊಸ ಹುಲ್ಲಿಗೆ ಹೊಡೆದ. ಮುಂದೆ ಹುಬ್ಬಿ, ಉತ್ತರಿ ಮಳೆ ಎರಡೂ ಚೆನ್ನಾಗಿ ಹಿಡಿದವು. ದಸರಾ ಕಳೆಯುತ್ತಿದ್ದಂತೆ ಕೆಲವು ಕುರಿ ಹಿಂದೆ ಬೀಳತೊಡಗಿದವು. ಭೇದಿ ಇರಲಿಲ್ಲ. ಗದ್ದದ ಕೆಳಗೆ ನೀರು ತುಂಬಿದಂಥ ಬಾವು, ಕಣ್ಣಿನ ಒಳರೆಪ್ಪೆ ಬಿಳುಚು. ಹಟ್ಟಿ ಹಬ್ಬದ, ಅಂದರೆ ದೀಪಾವಳಿಯ, ಹೊತ್ತಿಗೆ ನಾಲ್ಕು ಸತ್ತಿದ್ದವು.

"ಎಲ್ಲಾಕ್ಕೂ ಕುಡಿಸೀನ್ರಿ ಡಾಕ್ಟರ, ಒಂದೂ ಬಿಟ್ಟಿಲ್ಲ. ಮತ್ಯಾಕ ಹಿಂಗಾತು?" ಎಂಬುದು ಯಜಮಾನನ ಪ್ರಶ್ನೆ.

ಪಶುವೈದ್ಯರು ಸತ್ತ ಕುರಿಯ ನಾಲ್ಕನೇ ಹೊಟ್ಟೆ ಸೀಳಿದಾಗ ಕಾರಣ ಕಣ್ಣಿಗೇ ಕಂಡಿತು: ಹಿಮಾಂಕಸ್ ಕಂಟಾರ್ಟಸ್ ಎಂಬ ರಕ್ತ ಹೀರುವ ಜಂತುಹುಳು. ರಕ್ತ ತುಂಬಿದ ಕೆಂಪು ಕರುಳು, ಅದರ ಸುತ್ತ ಹೊಸೆದುಕೊಂಡ ಬಿಳಿ ಅಂಡಾಶಯ, ಹೀಗಾಗಿ ಹೆಣ್ಣು ಹುಳುವಿನ ಮೈಮೇಲೆ ಕೆಂಪು-ಬಿಳಿ ಸುರುಳಿ. ರೋಗ ಯಾವುದು ಎಂಬುದು ಇಲ್ಲಿ ಸಮಸ್ಯೆಯೇ ಅಲ್ಲ. ಔಷಧ ಕುಡಿಸಿದ ಹಿಂಡಿನಲ್ಲಿ ಮೂರೂವರೆ ತಿಂಗಳ ಮೇಲೆ, ಅದೂ ಎಲ್ಲ ಬಿಟ್ಟು ಆ ನಾಲ್ಕೇ ಕುರಿ ಸತ್ತಿದ್ದು ಯಾಕೆ ಎಂಬುದು ಸಮಸ್ಯೆ. ಅದಕ್ಕೆ ಸೂಕ್ಷ್ಮದರ್ಶಕ ಸಾಲದು, ಲೆಕ್ಕ ಬೇಕು.

ಮುಂದೆ ಓದುವ ಮುನ್ನ ಒಂದು ಮಾತು. ಇದು ಈ ಭಾಗದ ಹಿಂಡುಗಳಲ್ಲಿ ಆಗುವಂಥದ್ದನ್ನು ಒಂದೇ ಹಿಂಡಿಗೆ ತಂದು, ಪಾಠಕ್ಕೆಂದು ಕಟ್ಟಿದ ಪ್ರಕರಣ. ಹಿಂಡಿನ ಸಂಖ್ಯೆಗಳನ್ನು ಲೆಕ್ಕ ಸುಲಭವಾಗಲೆಂದು ನಾನೇ ದುಂಡಗೆ ಇಟ್ಟಿದ್ದೇನೆ. ಹುಳುವಿನ ಜೀವನಕ್ರಮ, ಸಮೀಕರಣಗಳು, ಅವುಗಳಿಂದ ಬರುವ ಫಲಿತಗಳು ನಿಜದವು.

ಹಟ್ಟಿಯ ಹಿಕ್ಕೆ ಹೇಳಿದ್ದು

ಮೊದಲ ಕುರಿ ಹಿಂದೆ ಬಿದ್ದಾಗಲೇ ಯಜಮಾನ ಹಟ್ಟಿಯ ನೆಲದಿಂದ ಒಂದು ಹಿಡಿ ಹಿಕ್ಕೆ ಬಳಿದು ಪ್ರಯೋಗಾಲಯಕ್ಕೆ ಕಳಿಸಿದ್ದ. ಗ್ರಾಂಗೆ 1000 ಮೊಟ್ಟೆ ಎಂದು ಉತ್ತರ ಬಂತು. ಹುಳು ಇವೆ, ಆದರೆ ನೂರು ಕುರಿಗೂ ಇಷ್ಟಿಷ್ಟೇ ಇದ್ದರೆ ಸಾಯುವ ಮಟ್ಟವಲ್ಲ. ಆ 1000ದಲ್ಲಿ ತಪ್ಪಿಲ್ಲ. ತೊಂದರೆ ಏನೆಂದರೆ, ನೂರು ಕುರಿಯ ಹಿಕ್ಕೆಯನ್ನು ಕಲಸಿಬಿಟ್ಟ ಮೇಲೆ ಉಳಿಯುವುದು ಸರಾಸರಿ ಮಾತ್ರ.

ವೈದ್ಯರು ಆಮೇಲೆ ಹತ್ತು ಕುರಿಯ ಹಿಕ್ಕೆಯನ್ನು ಬೇರೆ ಬೇರೆ ತೆಗೆದರು. ಮ್ಯಾಕ್‌ಮಾಸ್ಟರ್ ಗಾಜಿನಲ್ಲಿ ಎಣಿಸಿದಾಗ ಗ್ರಾಂಗೆ ಬಂದ ಮೊಟ್ಟೆ: 0, 100, 100, 200, 300, 400, 500, 800, 1800, 5800. ಸರಾಸರಿ ಅದೇ 1000. ಆದರೆ ಸರಾಸರಿಗಿಂತ ಮೇಲಿರುವುದು ಹತ್ತರಲ್ಲಿ ಎರಡೇ ಕುರಿ, ಒಟ್ಟು ಮೊಟ್ಟೆಯಲ್ಲಿ ಶೇ 76 ಆ ಎರಡರದೇ. ಕೊನೆಯದೊಂದನ್ನು ಬಿಟ್ಟು ಎಣಿಸಿದ್ದರೆ ಸರಾಸರಿ 500ರ ಕೆಳಗೆ ಇಳಿಯುತ್ತಿತ್ತು.

ಇದು ಈ ಹಿಂಡಿನ ವಿಚಿತ್ರವಲ್ಲ, ಪರಾವಲಂಬಿಗಳ ಸಾಮಾನ್ಯ ಸ್ವಭಾವ. ಹುಳುಗಳು ಗೊತ್ತುಗುರಿಯಿಲ್ಲದೆ ಹಂಚಿಕೆಯಾಗಿದ್ದರೆ ಪಾಯ್ಸನ್ ವಿತರಣೆ ಬರಬೇಕಿತ್ತು, ಅಂದರೆ ವಿಚಲನವರ್ಗ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ಸರಾಸರಿಯಷ್ಟೇ ಇರಬೇಕಿತ್ತು. ನಿಜದಲ್ಲಿ ಅದು ಸರಾಸರಿಯ ನೂರಾರು ಪಟ್ಟು ಇರುತ್ತದೆ. ಕುರಿಯ ಜಂತುಗಳ ಮೇಲೆ ಬಹಳ ಕೆಲಸ ಮಾಡಿದ ಬ್ರಿಟಿಷ್ ವಿಜ್ಞಾನಿ ಎಚ್. ಡಿ. ಕ್ರಾಫ್ಟನ್ 1971ರಲ್ಲಿ ಇದನ್ನು ಪರಾವಲಂಬನೆಯ ವ್ಯಾಖ್ಯೆಯೊಳಕ್ಕೇ ತಂದ: ಹುಳುಗಳು ಕೆಲವೇ ಆಶ್ರಯಜೀವಿಗಳಲ್ಲಿ ಗುಂಪುಗೂಡಿರುತ್ತವೆ, ನೆಗೆಟಿವ್ ಬೈನಾಮಿಯಲ್ ವಿತರಣೆ ಅದಕ್ಕೆ ಹೊಂದುತ್ತದೆ. ಆ ವಿತರಣೆಗೆ ಸರಾಸರಿಯ ಜೊತೆ ಇನ್ನೊಂದು ಸಂಖ್ಯೆ ಬೇಕು, ಅದನ್ನು 'ಕೆ' ಎನ್ನುತ್ತಾರೆ.

ವಿಚಲನವರ್ಗ = ಸರಾಸರಿ + ಸರಾಸರಿಯ ವರ್ಗ ÷ ಕೆ

ಕೆ ದೊಡ್ಡದಿದ್ದಷ್ಟೂ ಹುಳುಗಳ ಹಂಚಿಕೆ ಸಮವಾಗುತ್ತ ಪಾಯ್ಸನ್ ಕಡೆಗೆ ಹೋಗುತ್ತದೆ, ಚಿಕ್ಕದಾದಷ್ಟೂ ಗುಂಪು ಬಿಗಿಯಾಗುತ್ತದೆ. ಮೇಲಿನ ಹತ್ತು ಕುರಿಗೆ ಕೆ ಸುಮಾರು 0.32. ಹತ್ತೇ ಕುರಿಯಿಂದ ತೆಗೆದ ಕೆಯನ್ನು ಬಹಳ ನಂಬಬಾರದು. ಆ 5800ರ ಕುರಿಯ ಹಿಕ್ಕೆ ಸಂಚಿಯೊಳಗೆ ಬಾರದೆ ಹೋಗಿದ್ದರೆ ಕೆ ಬೇರೆಯೇ ಬರುತ್ತಿತ್ತು. ಅದಕ್ಕೇ ಮುಂದಿನ ಲೆಕ್ಕಕ್ಕೆ ಸ್ವಲ್ಪ ಹಿಂದೆ ಸರಿದು 0.5 ಇಟ್ಟುಕೊಂಡಿದ್ದೇನೆ.

ಗುಂಪುಗೂಡಲು ಕಾರಣಗಳು ಕುರಿಗಾರನಿಗೆ ಹೊಸವಲ್ಲ. ಮರಿಗೆ ಹುಳುವನ್ನು ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಈದ ಕುರಿಯಲ್ಲಿ ಹಾಲೂಡಿಸುವ ದಿನಗಳಲ್ಲಿ ಆ ಶಕ್ತಿ ಕುಗ್ಗುತ್ತದೆ. ಕೆಲವು ತಳಿಸಾಲುಗಳಿಗೇ ಹುಳು ಹತ್ತುವುದು ಕಡಿಮೆ. ಮೊಟ್ಟೆಯೊಡೆದು ಬಂದ ಲಾರ್ವಾಗಳೂ ಹೊಲದ ತುಂಬ ಸಮನಾಗಿ ಹರಡಿರದೆ ಹಿಕ್ಕೆ ಬಿದ್ದ ಜಾಗದ ಸುತ್ತಲೇ ಇರುತ್ತವೆ.

ಹುಳುವಿನಿಂದ ಸಾವಿಗೆ

ಮೊಟ್ಟೆ ಎಣಿಸಿದರೆ ಹುಳು ಎಣಿಸಿದಂತಾಗುವುದಿಲ್ಲ, ಆದರೆ ಅಂದಾಜಿಗೆ ದಾರಿ ಇದೆ. ಹೆಣ್ಣು ಹಿಮಾಂಕಸ್ ದಿನಕ್ಕೆ 5000ದಿಂದ 10,000 ಮೊಟ್ಟೆ ಇಡುತ್ತದೆ. ಕೆಳಗಿನ ಅಂಕಿ ಹಿಡಿಯೋಣ. ಒಂದು ಕುರಿಯಲ್ಲಿ 500 ಹುಳು, ಅದರಲ್ಲಿ ಅರ್ಧ ಹೆಣ್ಣು ಎಂದರೆ ದಿನಕ್ಕೆ 12.5 ಲಕ್ಷ ಮೊಟ್ಟೆ. ದಿನದ ಹಿಕ್ಕೆ ಒಂದೂಕಾಲು ಕಿಲೋ ಎಂದಿಟ್ಟರೆ ಗ್ರಾಂಗೆ 1000 ಬರುತ್ತದೆ. ಹಾಗಾಗಿ ಈ ಹಿಂಡಿನ ಸರಾಸರಿ ಕುರಿಗೆ 500 ಹುಳು. ಹಿಂಡೆಲ್ಲ ಸೇರಿ ದಿನಕ್ಕೆ ಹನ್ನೆರಡೂವರೆ ಕೋಟಿ ಮೊಟ್ಟೆ ಹೊಲಕ್ಕೆ ಬೀಳುತ್ತವೆ.

ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿ ರಕ್ತ ಕಳೆಯುತ್ತದೆ. 500 ಹುಳುವಿಗೆ 25 ಮಿಲಿ. ಮೇವು ಚೆನ್ನಾಗಿದ್ದರೆ ಕುರಿ ಇದನ್ನು ತಡೆದುಕೊಂಡು ನಡೆಯುತ್ತದೆ. 2000 ಹುಳುವಿಗೆ 100 ಮಿಲಿ. ಇಪ್ಪತ್ತೈದು ಕಿಲೋ ತೂಗುವ ಕುರಿಯ ಮೈಯಲ್ಲಿ ಇರುವ ರಕ್ತವೇ ಹೆಚ್ಚುಕಡಿಮೆ ಒಂದೂವರೆ ಲೀಟರ್. ದಿನವೂ ಅದರ ಹದಿನೈದನೇ ಒಂದು ಭಾಗ ಹೋಗುತ್ತಿದ್ದರೆ ಎಷ್ಟು ದಿನ ತಾಳೀತು?

ಈಗ ಪ್ರಶ್ನೆ ಹೀಗೆ ನಿಲ್ಲುತ್ತದೆ: ಸರಾಸರಿ 500 ಇರುವಾಗ 2000 ದಾಟಿದ ಕುರಿ ನೂರಕ್ಕೆ ಎಷ್ಟು? ಪಾಯ್ಸನ್ ಹಂಚಿಕೆಯಾದರೆ ಒಂದೂ ಇಲ್ಲ, ಸಾವಿರ ಹಿಂಡು ಹುಡುಕಿದರೂ ಸಿಗುವುದಿಲ್ಲ. ಕೆ 1 ಆದರೆ ಸುಮಾರು ಎರಡು. ಕೆ 0.5 ಆದರೆ ನಾಲ್ಕೈದು. ಸತ್ತಿದ್ದು ನಾಲ್ಕು. ಮಾದರಿ ಎಷ್ಟು ಚೆನ್ನಾಗಿ ಹೊಂದಿತು ಎಂದು ಹಿಗ್ಗಬೇಡಿ, ಸಂಖ್ಯೆ ಇಟ್ಟವನು ನಾನೇ. ಗಮನಿಸಬೇಕಾದದ್ದು ಬೇರೆ: ಸರಾಸರಿಯನ್ನು ಒಂದು ಕೂದಲೆಳೆಯಷ್ಟೂ ಅಲುಗಿಸದೆ, ಕೆ ಒಂದನ್ನೇ ಬದಲಿಸಿ, ಸಾವನ್ನು ಸೊನ್ನೆಯಿಂದ ಐದಕ್ಕೆ ಏರಿಸಬಹುದು. ಅದೇ 0.5ಕ್ಕೆ ಹಿಂಡಿನ ಮೇಲಿನ ಇಪ್ಪತ್ತು ಕುರಿಗಳಲ್ಲಿ ಶೇ 65ರಷ್ಟು ಹುಳು ಇರುತ್ತವೆ. ಕೆಳಗಿನ ಐವತ್ತು ಕುರಿಯಲ್ಲಿ ಎಲ್ಲ ಸೇರಿ ಶೇ 7.

ಮೊದಲ ಸಮೀಕರಣವನ್ನು ಎತ್ತಿಟ್ಟಿದ್ದು

1978ರಲ್ಲಿ ರಾಯ್ ಆಂಡರ್ಸನ್ ಮತ್ತು ರಾಬರ್ಟ್ ಮೇ ಪ್ರಾಣಿ ಪರಿಸರ ವಿಜ್ಞಾನದ ನಿಯತಕಾಲಿಕವೊಂದರಲ್ಲಿ ಜೋಡಿ ಪ್ರಬಂಧ ಪ್ರಕಟಿಸಿದರು. ಆಶ್ರಯಜೀವಿ–ಪರಾವಲಂಬಿ ಗಣಿತ ಇವತ್ತಿಗೂ ಅಲ್ಲಿಂದಲೇ ಹೊರಡುತ್ತದೆ. ಅದರಲ್ಲಿ ಎರಡು ಸಮೀಕರಣ. ಮೊದಲನೆಯದು ಆಶ್ರಯಜೀವಿಯದು: ಹುಟ್ಟಿನಿಂದ ಹೆಚ್ಚುತ್ತದೆ, ಸಹಜ ಸಾವಿನಿಂದ ಮತ್ತು ಹುಳುವಿನಿಂದ ಕಡಿಮೆಯಾಗುತ್ತದೆ. ಒಂದೊಂದು ಹುಳು ಸಾವಿನ ದರಕ್ಕೆ ಕೂಡಿಸುವ ಪಾಲನ್ನು ಆಲ್ಫಾ ಎನ್ನೋಣ. ಎರಡನೆಯದು ಹುಳುವಿನದು: ಮೊಟ್ಟೆ ಲಾರ್ವಾ ಆಗಿ ಮತ್ತೊಂದು ಹೊಟ್ಟೆ ಸೇರುವುದರಿಂದ ಹೆಚ್ಚುತ್ತದೆ, ತಾನೇ ಸಾಯುವುದರಿಂದ ಮತ್ತು ಹೊತ್ತ ಜೀವಿ ಸಾಯುವುದರಿಂದ ಕಡಿಮೆಯಾಗುತ್ತದೆ. ಎರಡೂ ಸಮತೋಲಕ್ಕೆ ಬಂದರೆ, ಹುಳುವೇ ಆಶ್ರಯಜೀವಿಯ ಸಂಖ್ಯೆಯನ್ನು ಹಿಡಿದಿಡಬಲ್ಲದು ಎಂಬುದು ಅವರು ತೋರಿಸಿದ ವಿಷಯ.

ಕಾಡಿನಲ್ಲಿ ಅದು ನಿಜ. ಉತ್ತರ ಇಂಗ್ಲೆಂಡಿನ ಕೆಂಪು ಗ್ರೌಸ್ ಹಕ್ಕಿಗಳ ಸಂಖ್ಯೆ ಕೆಲ ವರ್ಷಕ್ಕೊಮ್ಮೆ ಕುಸಿಯುತ್ತಿತ್ತು. ಹಕ್ಕಿಗಳನ್ನು ಹಿಡಿದು ಜಂತುನಾಶಕ ಕೊಟ್ಟರೆ ಆ ಕುಸಿತ ತಡೆಯಬಹುದೆಂದು ಹಡ್ಸನ್, ಡಾಬ್ಸನ್ ಮತ್ತು ನ್ಯೂಬಾರ್ನ್ 1998ರಲ್ಲಿ ತೋರಿಸಿದರು.

ಬೀಳಗಿಯ ಹಿಂಡಿಗೆ ಈ ಮೊದಲ ಸಮೀಕರಣ ಹೊಂದುವುದಿಲ್ಲ. ಇಲ್ಲಿ ಕುರಿ ಎಷ್ಟಿರಬೇಕೆಂದು ತೀರ್ಮಾನಿಸುವುದು ಹುಳುವಲ್ಲ, ಯಜಮಾನ. ಮರಿ ಹೆಚ್ಚಾದರೆ ಅಮೀನಗಡ ಸಂತೆಗೆ ಹೊಡೆಯುತ್ತಾನೆ, ಕಡಿಮೆಯಾದರೆ ಅಲ್ಲಿಂದಲೇ ತರುತ್ತಾನೆ. ಹಾಗಾಗಿ ಕುರಿ ನೂರು ಎಂದು ಗಟ್ಟಿ ಮಾಡಿ, ಹುಳುವಿನ ಸಮೀಕರಣವೊಂದನ್ನೇ ಇಟ್ಟುಕೊಂಡೆ. ಆಗ ಸಮತೋಲದ ಸರಾಸರಿ ಹೀಗೆ ಬರುತ್ತದೆ:

ಕುರಿಗೆ ಹುಳು = (ಹುಳು ಸೇರುವ ದರ − ಹುಳು ಕಳೆಯುವ ದರ) ÷ ಆಲ್ಫಾ × ಕೆ ÷ (ಕೆ + 1)

ಕೊನೆಯ ತುಂಡನ್ನು ನೋಡಿ. ಕೆ ಬಹಳ ದೊಡ್ಡದಾದರೆ ಅದು 1. ಕೆ 0.5 ಆದರೆ ಮೂರನೇ ಒಂದು. ಗುಂಪು ಬಿಗಿಯಾದಷ್ಟೂ ಸರಾಸರಿ ಇಳಿಯುತ್ತದೆ, ಯಾಕೆಂದರೆ ತುಂಬ ಹುಳು ಹೊತ್ತ ಕುರಿ ಸತ್ತಾಗ ಅಷ್ಟೂ ಹುಳು ಅದರೊಂದಿಗೇ ಹೋಗುತ್ತವೆ. ನಾಲ್ಕು ಕುರಿಯ ಸಾವು ಯಜಮಾನನಿಗೆ ನಷ್ಟ, ಹುಳುಗಳಿಗೆ ಅದಕ್ಕಿಂತ ದೊಡ್ಡ ನಷ್ಟ.

ಪುಸ್ತಕದಲ್ಲಿ ಆಲ್ಫಾ ಎಂದರೆ ಸಾವು. ಹಟ್ಟಿಯಲ್ಲಿ ಮಾರಾಟವೂ ಹೌದು. ಸೊರಗಿದ ಕುರಿಯನ್ನು ಸಾಯುವ ಮುನ್ನ ಕಟುಕನಿಗೆ ಕೊಟ್ಟುಬಿಡುವ ರೂಢಿ ಎಲ್ಲ ಕುರಿಗಾರರಲ್ಲೂ ಇದೆ. ಹೊಟ್ಟೆಪಾಡಿಗೆ ಮಾಡುವ ಆ ಕೆಲಸ ಹಿಂಡಿನ ಹುಳುವನ್ನೂ ತಗ್ಗಿಸುತ್ತದೆ. ಇದನ್ನು ಜಂತು ನಿಯಂತ್ರಣದ ಪಾಠಗಳಲ್ಲಿ ಸೇರಿಸದಿರುವುದು ನನಗೆ ಸರಿಕಾಣುವುದಿಲ್ಲ. ಆದರೆ ಅದೇ ಕುರಿಯನ್ನು ಕಟುಕನ ಬದಲು ಸಂತೆಯಲ್ಲಿ ಸಾಕುವವನಿಗೆ ಮಾರಿದರೆ, ಹುಳು ಸಾಯುವುದಿಲ್ಲ, ಹಿಂಡು ಬದಲಿಸುತ್ತದೆ ಅಷ್ಟೆ.

ಒಂದೇ 500ಕ್ಕೆ ಎರಡು ದಾರಿ

ಇನ್ನು ಕಾಲದ ಲೆಕ್ಕ. ಮೊಟ್ಟೆ ಬಿದ್ದು ಹಸಿ, ಬೆಚ್ಚಗೆ ಸಿಕ್ಕರೆ ಒಂದು ವಾರದೊಳಗೆ ಸೋಂಕುವ ಲಾರ್ವಾ ಆಗುತ್ತದೆ. ಕುರಿ ಅದನ್ನು ಮೇಯ್ದ ಮೇಲೆ ಹುಳು ಬೆಳೆದು ಮೊಟ್ಟೆ ಇಡಲು ಸುಮಾರು ಮೂರು ವಾರ. ಒಂದು ಪೀಳಿಗೆಗೆ ಒಟ್ಟು ನಾಲ್ಕು ವಾರ ಎನ್ನೋಣ. ಒಂದು ಹುಳುವಿನಿಂದ ಮುಂದಿನ ಪೀಳಿಗೆಗೆ ಬೆಳೆಯುವ ಹುಳುವನ್ನು ಪೀಳಿಗೆಯ ಪಟ್ಟು ಎಂದು ಕರೆಯೋಣ. ಒಂದೊಂದು ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಇಟ್ಟರೂ ಒಣ ದಿನಗಳಲ್ಲಿ ಈ ಪಟ್ಟು ಒಂದರ ಆಸುಪಾಸು ನಿಲ್ಲುತ್ತದೆ, ಯಾಕೆಂದರೆ ಬಹುಪಾಲು ಲಾರ್ವಾಗಳು ಬಿಸಿಲಿಗೆ ಒಣಗಿ ಸಾಯುತ್ತವೆ. ಲಕ್ಷಕ್ಕೆ ಒಂದು ಬದುಕುವ ಕಡೆ ಮೂರು ಬದುಕಿದರೆ ಪಟ್ಟೂ ಮೂರರಷ್ಟಾಗುತ್ತದೆ. ಹಸಿ ಮೂಡಿಸುವ ಮಳೆ ಈ ಚೂರು ಪ್ರಮಾಣದ ಮೇಲೆಯೇ ಕೆಲಸ ಮಾಡುವುದು. ನಮ್ಮ ಕಡೆ ಹೆಚ್ಚಿನ ಮಳೆ ಸುರಿಯುವುದು ಸೆಪ್ಟೆಂಬರಿನಲ್ಲಿ.

ಆಷಾಢದಲ್ಲಿ ಕುರಿಗೆ ಸರಾಸರಿ 400 ಹುಳು ಇದ್ದವು ಎಂದುಕೊಳ್ಳೋಣ. ಮಳೆ ಹಿಡಿದು ಮೊಟ್ಟೆ ಎಣಿಸುವವರೆಗೆ ಎರಡು ಪೀಳಿಗೆ.

ಮೊದಲ ದಾರಿ: ಔಷಧ ಚೆನ್ನಾಗಿಯೇ ಹಿಡಿಯಿತು, ಶೇ 95 ಸತ್ತವು, 20 ಉಳಿದವು. ಮಳೆಯಲ್ಲಿ ಪೀಳಿಗೆಯ ಪಟ್ಟು 5 ಆಯಿತು. 20 ಇದ್ದದ್ದು 100, ನೂರು ಇದ್ದದ್ದು 500.

ಎರಡನೇ ದಾರಿ: ಔಷಧ ಶೇ 70ನ್ನಷ್ಟೇ ಕೊಂದಿತು, 120 ಉಳಿದವು. ಪಟ್ಟು ಎರಡಕ್ಕಿಂತ ಒಂದು ಗುಂಜಿ ಮೇಲೆ. 120 ಇದ್ದದ್ದು 245, ಅಲ್ಲಿಂದ 500.

ದೀಪಾವಳಿಯ ಎಣಿಕೆ ಎರಡು ದಾರಿಗೂ ಒಂದೇ. ಮೊದಲನೆಯದು ನಿಜವಾದರೆ ತಪ್ಪಿದ್ದು ಔಷಧದ ಕಾಲ: ಕುಡಿಸಿದ್ದು ಮಳೆಗೆ ಎರಡು ತಿಂಗಳು ಮೊದಲು, ಆಲ್ಬೆಂಡಜೋಲ್ ಮೈಯಲ್ಲಿ ನಿಂತು ಕಾಯುವ ಔಷಧವಲ್ಲ. ಎರಡನೆಯದು ನಿಜವಾದರೆ ಹುಳು ಔಷಧಕ್ಕೆ ಒಗ್ಗಿದೆ, ಯಾವ ಕಾಲಕ್ಕೆ ಕುಡಿಸಿದರೂ ಅಷ್ಟೇ. ಒಂದಕ್ಕೆ ಪರಿಹಾರ ಪಂಚಾಂಗ ಬದಲಿಸುವುದು, ಇನ್ನೊಂದಕ್ಕೆ ಔಷಧದ ಗುಂಪನ್ನೇ ಬದಲಿಸುವುದು. ಮಾದರಿಯನ್ನು ಎಷ್ಟು ಸಲ ಓಡಿಸಿದರೂ ಇವೆರಡರಲ್ಲಿ ಒಂದನ್ನು ಆರಿಸಿಕೊಡುವುದಿಲ್ಲ. ಯಾವ ಅಳತೆ ಕೈತಪ್ಪಿದೆ ಎಂದು ಮಾತ್ರ ತೋರಿಸಿಕೊಡುತ್ತದೆ: ಔಷಧ ಕುಡಿಸಿದ ಹತ್ತು–ಹದಿನಾಲ್ಕು ದಿನಕ್ಕೆ ಅವೇ ಕುರಿಗಳ ಮೊಟ್ಟೆ ಮತ್ತೆ ಎಣಿಸಬೇಕಿತ್ತು. ಇಳಿಕೆ ಶೇ 95ಕ್ಕಿಂತ ಕಡಿಮೆ ಇದ್ದರೆ ಔಷಧನಿರೋಧವನ್ನು ಶಂಕಿಸುವುದು ಪಶುವೈದ್ಯರ ರೂಢಿ.

ವೈದ್ಯರು ಆ ಹತ್ತು ಕುರಿಗೆ ಅದೇ ಆಲ್ಬೆಂಡಜೋಲನ್ನು ತೂಕ ನೋಡಿ ಕುಡಿಸಿ, ಎರಡು ವಾರದ ಮೇಲೆ ಎಣಿಸಿದರು. 1000 ಇದ್ದ ಸರಾಸರಿ 300ಕ್ಕೆ ನಿಂತಿತು. ಎರಡನೇ ದಾರಿ.

ಯಾರಿಗೆ ಕುಡಿಸುವುದು

ಔಷಧ ಬದಲಿಸಬೇಕು, ಸರಿ. ಆದರೆ ಹೊಸದನ್ನೂ ಹಿಂದಿನಂತೆಯೇ ನೂರಕ್ಕೆ ನೂರು ಕುಡಿಸಿದರೆ ಕೆಲ ವರ್ಷದಲ್ಲಿ ಅದರ ಗತಿಯೂ ಇಷ್ಟೇ. ಒಂದು ಲೆಕ್ಕ ಸಾಕು. ಹೊಸ ಔಷಧವನ್ನು ತಾಳುವ ಹುಳು ಹಿಂಡಿನಲ್ಲಿ ಶೇ 1 ಇವೆ, ಉಳಿದವೆಲ್ಲ ಸಾಯುತ್ತವೆ ಎನ್ನೋಣ. ಎಲ್ಲ ಕುರಿಗೂ ಕುಡಿಸಿದರೆ ಬದುಕಿ ಮೊಟ್ಟೆ ಇಡುವವು ಆ ತಾಳುವ ಹುಳುಗಳೇ, ಶೇ 100. ಮಾರನೆಯ ದಿನ ಹಿಂಡನ್ನು ಹೊಸ ಹುಲ್ಲಿಗೆ ಹೊಡೆದರೆ ಆ ಹುಲ್ಲಿನಲ್ಲಿ ಬೀಳುವ ಮೊಟ್ಟೆಯೆಲ್ಲ ಅವುಗಳದೇ, ಬೆರಕೆಗೆ ಹಳೆಯ ಲಾರ್ವಾ ಇರುವುದಿಲ್ಲ. ಆಷಾಢದಲ್ಲಿ ಯಜಮಾನ ಮಾಡಿದ್ದು ಇದನ್ನೇ, ಅದೂ ಒಳ್ಳೆಯದೆಂದು ಎಲ್ಲರೂ ಹೇಳುತ್ತಿದ್ದ ಮಾತು ಕೇಳಿ.

ಹೆಚ್ಚು ಹುಳು ಹೊತ್ತ ಇಪ್ಪತ್ತಕ್ಕೆ ಮಾತ್ರ ಕುಡಿಸಿದರೆ? ಶೇ 65 ಹುಳು ಔಷಧಕ್ಕೆ ಸಿಗುತ್ತವೆ, ಶೇ 35 ಸಿಗುವುದಿಲ್ಲ. ಉಳಿದ ಹುಳುಗಳಲ್ಲಿ ತಾಳುವವು ನೂರಕ್ಕೆ ಮೂರಕ್ಕಿಂತಲೂ ಕಡಿಮೆ. ಹಿಂಡಿನ ಹುಳು ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿಯಿತು, ಸಾಯುವ ಮಟ್ಟದ ಕುರಿ ಉಳಿಯಲಿಲ್ಲ, ಔಷಧದ ಖರ್ಚು ಐದನೇ ಒಂದು.

ಈ ಲೆಕ್ಕದಲ್ಲಿ ಒಂದು ಮೋಸವಿದೆ: ಆ ಇಪ್ಪತ್ತು ಯಾವುವು ಎಂದು ಹೊರಗಿನಿಂದ ಗೊತ್ತಾಗಬೇಕಲ್ಲ. ಅದಕ್ಕೆ ದಕ್ಷಿಣ ಆಫ್ರಿಕಾದಲ್ಲಿ ಫಮಾಚಾ ಎಂಬ ಚೀಟಿ ತಯಾರಾಯಿತು. ಕಣ್ಣಿನ ಒಳರೆಪ್ಪೆಯ ಬಣ್ಣವನ್ನು ಅಚ್ಚಕೆಂಪಿನಿಂದ ಬಿಳುಪಿನವರೆಗೆ ಐದು ಮೆಟ್ಟಿಲಿಗೆ ಹೋಲಿಸಿ ನೋಡುವುದು. ಬಿಳುಚು ರೆಪ್ಪೆಯದೆಲ್ಲ ಹುಳುವಿನ ಕುರಿಯಲ್ಲ, ಹುಳುವಿನ ಕುರಿಯ ರೆಪ್ಪೆಯೆಲ್ಲ ಬಿಳುಚಿರುವುದೂ ಇಲ್ಲ. ನಿಜವಾದ ಇಪ್ಪತ್ತರಲ್ಲಿ ಹನ್ನೆರಡು ಮಾತ್ರ ಸಿಕ್ಕಿ, ಎಂಟು ಸುಮ್ಮನೆ ಆರಿಸಿದಂತಾದರೆ ಔಷಧಕ್ಕೆ ಸಿಗುವ ಹುಳು ಶೇ 42ರ ಸುತ್ತ. ಕಣ್ಣುಮುಚ್ಚಿ ಇಪ್ಪತ್ತನ್ನು ಹಿಡಿದರೆ ಸಿಗುವುದು ಶೇ 20. ಅರೆಬರೆ ಕಣ್ಣೂ ದುಪ್ಪಟ್ಟು ಕೆಲಸ ಮಾಡುತ್ತದೆ.

ಯಜಮಾನನಿಗೆ ಇದು ಒಪ್ಪಿಗೆಯಾಗಲಿಲ್ಲ. "ಎಂಬತ್ತು ಕುರಿ ಹಂಗ ಬಿಡು ಅಂತೀರಿ. ಅದರಾಗ ನಾಕು ಸತ್ರ ಯಾರು ಕೊಡ್ತಾರ?" ಈ ಪ್ರಶ್ನೆ ಸರಿಯಾದದ್ದೇ. ಆರು ವರ್ಷ ಆಚೆ ಔಷಧ ಉಳಿಯುವ ಲಾಭ ಊರಿನ ಎಲ್ಲ ಹಿಂಡಿಗೂ, ಇವತ್ತು ಸಾಯುವ ಕುರಿ ಅವನೊಬ್ಬನದು. ಸಮೀಕರಣಕ್ಕೆ ಆ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ತೀರ್ಮಾನ ನಡುದಾರಿಗೆ ಬಂತು. ಹುಬ್ಬಿ ಮಳೆಯಿಂದ ದೀಪಾವಳಿವರೆಗೆ ಹದಿನೈದು ದಿನಕ್ಕೊಮ್ಮೆ ರೆಪ್ಪೆ ನೋಡುವುದು. ಪೀಳಿಗೆ ನಾಲ್ಕು ವಾರದ್ದಾದ್ದರಿಂದ ಅದರ ಅರ್ಧಕ್ಕೊಮ್ಮೆ ನೋಡಿದರೆ ಸ್ಫೋಟ ಕಣ್ಣು ತಪ್ಪುವುದಿಲ್ಲ. ನಾಲ್ಕು, ಐದನೇ ಮೆಟ್ಟಿಲಿನವಕ್ಕೆ ಔಷಧ ಕಡ್ಡಾಯ. ಈದ ಕುರಿ ಮತ್ತು ಮರಿ ಮೂರನೇ ಮೆಟ್ಟಿಲಿಗೆ ಬಂದರೂ ಕುಡಿಸುವುದು. ಔಷಧ ಕುಡಿದವು ಹೊಸ ಹುಲ್ಲಿಗೆ ಹೋಗುವ ಮುನ್ನ ಹಳೆಯ ಹೊಲದಲ್ಲೇ ಕೆಲದಿನ ಮೇಯುವುದು. ಎರಡು ಸಲ ಔಷಧ ಬೇಕಾದ ಕುರಿಯ ಕಿವಿಗೆ ಗುರುತು ಹಾಕಿ, ಅದರ ಮರಿಯನ್ನು ಬೀಜದ ಟಗರಿಗೆ ಇಟ್ಟುಕೊಳ್ಳದಿರುವುದು. ಕೊನೆಯದನ್ನು ಸೂಚಿಸಿದ್ದು ಯಜಮಾನನೇ.

ಹಿನ್ನೀರಿನ ದಂಡೆ ಎಂಬ ಕಾರಣಕ್ಕೆ ಇನ್ನೊಂದು ತೊಡಕು ಉಳಿದಿದೆ. ನೀರಂಚಿನ ಬಸವನಹುಳು ಲಿವರ್ ಫ್ಲೂಕ್ ಎಂಬ, ಯಕೃತ್ತಿಗೆ ಸೇರುವ ಚಪ್ಪಟೆ ಹುಳುವನ್ನು ಸಾಕುತ್ತದೆ, ಆ ರೋಗದಲ್ಲೂ ರೆಪ್ಪೆ ಬಿಳುಚುತ್ತದೆ, ಗದ್ದ ಬಾಯುತ್ತದೆ. ಉಪ್ಪುನೀರಲ್ಲಿ ತೇಲಿಸಿ ಎಣಿಸುವ ವಿಧಾನದಲ್ಲಿ ಫ್ಲೂಕಿನ ಭಾರದ ಮೊಟ್ಟೆ ಸಿಗುವುದಿಲ್ಲ, ತಳಕ್ಕಿಳಿಸಿ ನೋಡಬೇಕು. ಹೊಸ ಔಷಧವಾಗಿ ವೈದ್ಯರು ಕ್ಲೋಸಾಂಟೆಲ್ ಆರಿಸಿದ್ದು ಅದು ಎರಡಕ್ಕೂ ತಾಗುತ್ತದೆಂದು. ಆದರೆ ಫ್ಲೂಕಿನ ಗಣಿತವೇ ಬೇರೆ. ಒಂದು ಮೊಟ್ಟೆ ಬಸವನಹುಳುವಿನೊಳಗೆ ಹಲವು ಲಾರ್ವಾ ಆಗುತ್ತದೆ, ಆದ್ದರಿಂದ ಬಸವನಹುಳುವಿಗೇ ಒಂದು ಸಮೀಕರಣ ಬೇಕು, ಅದರ ಸಂಖ್ಯೆ ಜಲಾಶಯದ ನೀರಿನ ಮಟ್ಟದೊಂದಿಗೆ ಏರಿಳಿಯುತ್ತದೆ. ಹಿಂಡು ಮತ್ತೆ ನೀರಂಚಿಗೆ ಇಳಿಯುವ ಮುನ್ನ ಹತ್ತು ಕುರಿಯ ಹಿಕ್ಕೆಯನ್ನು ತಳಕ್ಕಿಳಿಸಿ ನೋಡಲು ವೈದ್ಯರು ಬರೆದಿಟ್ಟಿದ್ದಾರೆ, ಬೇರೆ ಬೇರೆ ಸಂಚಿಯಲ್ಲಿ.